ಆಗಸ್ಟ್ ಮಳೆಯನ್ನು ನಂಬಿ ಕೂರುವ ಹಾಗಿಲ್ಲ

ಅಮೆರಿಕದ ರ‍್ಯಾಂಚ್‌ಗಳು ಮತ್ತು ಬರ: ಒಂದು ಉಪನ್ಯಾಸದ ಬರಹ ರೂಪ

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ಮೈಲ್ಸ್ ಸಿಟಿ ಅಂತ ಒಂದು ಸಣ್ಣ ಊರಿದೆ. ಅದರ ಪಕ್ಕದಲ್ಲೇ ಫೋರ್ಟ್ ಕಿಯೋ ಎಂಬ ಸರ್ಕಾರಿ ಸಂಶೋಧನಾ ಕೇಂದ್ರ. ಅಲ್ಲಿಯವರು ವರ್ಷಗಟ್ಟಲೆ ಹುಲ್ಲು ಕತ್ತರಿಸಿ, ಒಣಗಿಸಿ, ತೂಗಿ ಒಂದು ಲೆಕ್ಕ ಹಿಡಿದಿದ್ದಾರೆ. ಆ ಸೀಮೆಯಲ್ಲಿ ಇಡೀ ವರ್ಷಕ್ಕೆ ಬೆಳೆಯುವ ಹುಲ್ಲಿನಲ್ಲಿ ಸುಮಾರು ಶೇ 90ರಷ್ಟು ಜುಲೈ 1ರೊಳಗೇ ಬೆಳೆದು ಮುಗಿದಿರುತ್ತದೆ.

ಇದರ ಅರ್ಥ ಏನು ನೋಡಿ. ಮೇ, ಜೂನ್‌ನಲ್ಲಿ ಮಳೆ ಕೈಕೊಟ್ಟರೆ ಆಗಸ್ಟ್‌ನಲ್ಲಿ ಎಷ್ಟೇ ಚೆನ್ನಾಗಿ ಸುರಿದರೂ ಆ ವರ್ಷದ ಹುಲ್ಲು ವಾಪಸ್ ಬರುವುದಿಲ್ಲ. ಆ ಮಳೆ ಮಣ್ಣಿಗೆ ಒಳ್ಳೆಯದು, ಹೊಂಡಗಳಿಗೆ ಒಳ್ಳೆಯದು, ಮುಂದಿನ ವರ್ಷಕ್ಕೆ ಒಳ್ಳೆಯದು. ಆದರೆ ಈ ಚಳಿಗಾಲಕ್ಕೆ ಬೇಕಾದ ಮೇವು ಅದರಿಂದ ಹುಟ್ಟುವುದಿಲ್ಲ. ಹಾಗಿದ್ದರೂ ಬರ ಬಿದ್ದ ವರ್ಷ ದನ ಸಾಕುವ ರ‍್ಯಾಂಚರ್‌ಗಳು ಆಗಸ್ಟ್ ಇಡೀ ಆಕಾಶ ನೋಡುತ್ತಾರೆ. ಇನ್ನೊಂದು ವಾರ ನೋಡೋಣ, ಮುಂದಿನ ವಾರ ಬರಬಹುದು ಅನ್ನುತ್ತಾರೆ. ಅದು ಮನುಷ್ಯ ಸಹಜ. ಆದರೆ ಬರದಲ್ಲಿ ರ‍್ಯಾಂಚ್ ಮುಳುಗುವುದು ಮಳೆ ಬಾರದ್ದಕ್ಕಿಂತ ಜಾಸ್ತಿ ಹೀಗೆ ಕಾದು ಕೂರುವುದರಿಂದ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. ಇವತ್ತು ನಾನು ಹೇಳುವುದೆಲ್ಲ ಇದರ ಸುತ್ತಲೇ.

ಮೊದಲು ರ‍್ಯಾಂಚ್ ಅಂದರೆ ಏನು ಅಂತ ಸ್ವಲ್ಪ ಹೇಳಿಬಿಡುತ್ತೇನೆ. ಅಲ್ಲಿ ಮುಖ್ಯ ಬೆಳೆ ಹುಲ್ಲು. ಉಳುವುದಿಲ್ಲ, ಬಿತ್ತುವುದಿಲ್ಲ, ಬಹುತೇಕ ಕಡೆ ನೀರು ಹಾಯಿಸುವುದೂ ಇಲ್ಲ. ತಾನಾಗಿ ಬೆಳೆದ ಹುಲ್ಲನ್ನು ಹಸುಗಳು ಮೇಯುತ್ತವೆ, ಹಸುಗಳು ಕರು ಹಾಕುತ್ತವೆ, ಶರತ್ಕಾಲದಲ್ಲಿ ಕರುಗಳನ್ನು ಮಾರುತ್ತಾರೆ. ವರ್ಷದ ಸಂಪಾದನೆ ಹೆಚ್ಚುಕಡಿಮೆ ಆ ಒಂದು ಮಾರಾಟದಲ್ಲೇ. ಎಲ್ಲವೂ ಮಾಂಸದ ತಳಿಗಳು, ಹಾಲು ಕರೆಯುವ ಲೆಕ್ಕವೇ ಇಲ್ಲ.

ಇದಕ್ಕೆ ಜಾಗ ವಿಪರೀತ ಬೇಕು. ಜಾನ್ ವೆಸ್ಲಿ ಪೊವೆಲ್ ಎಂಬ ಭೂವಿಜ್ಞಾನಿ 1878ರಲ್ಲೇ ಅಮೆರಿಕ ಸರ್ಕಾರಕ್ಕೆ ಒಂದು ವರದಿ ಕೊಟ್ಟಿದ್ದ. ನೂರನೇ ರೇಖಾಂಶದಿಂದ ಪಶ್ಚಿಮಕ್ಕೆ ಹೋದರೆ ವರ್ಷದ ಮಳೆ 20 ಇಂಚಿಗಿಂತ ಕಡಿಮೆ, ಅಲ್ಲಿ ನೀರಾವರಿ ಇಲ್ಲದೆ ಬೇಸಾಯ ನಂಬುವ ಹಾಗಿಲ್ಲ ಅಂತ ಬರೆದ. ದನ ಸಾಕುವ ಒಂದು ಕುಟುಂಬಕ್ಕೆ 2,560 ಎಕರೆ ಬೇಕು ಎಂದೂ ಹೇಳಿದ. ಆಗ ಸರ್ಕಾರ 1862ರ ಹೋಮ್‌ಸ್ಟೆಡ್ ಕಾಯ್ದೆಯಲ್ಲಿ ಕೊಡುತ್ತಿದ್ದದ್ದು 160 ಎಕರೆ. ಅವನ ಮಾತು ಯಾರೂ ಕೇಳಲಿಲ್ಲ. ಈಗಲೂ ನೆಬ್ರಾಸ್ಕಾದ ಸ್ಯಾಂಡ್‌ಹಿಲ್ಸ್‌ನಲ್ಲಿ ಒಂದು ಹಸು ಮತ್ತು ಅದರ ಕರುವಿಗೆ ವರ್ಷಕ್ಕೆ ಹದಿನೈದಿಪ್ಪತ್ತು ಎಕರೆ ಬೇಕಾಗುತ್ತದೆ. ನ್ಯೂ ಮೆಕ್ಸಿಕೋದ ಮರುಭೂಮಿ ಸೀಮೆಯಲ್ಲಿ ನೂರು ಎಕರೆಯೂ ಸಾಲದ ಜಾಗಗಳಿವೆ.

ಅಲ್ಲಿ ಬೇಸಿಗೆ ಅಂದರೆ ಜೂನ್‌ನಿಂದ ಆಗಸ್ಟ್. ಬಹುತೇಕ ಕಡೆ ಬೇಸಿಗೆಯ ಕೊನೆ ಯಾವಾಗಲೂ ಒಣಗಾಲವೇ. ಹುಲ್ಲು ತೆನೆ ಬಿಟ್ಟು ಕಂದು ಬಣ್ಣಕ್ಕೆ ತಿರುಗುತ್ತದೆ. ಇದರಲ್ಲಿ ಹೊಸದೇನೂ ಇಲ್ಲ. ಬದಲಾಗಿರುವುದು ಬರ ಬರುವ ವೇಗ. ಬರ ಅಂದರೆ ನಿಧಾನಕ್ಕೆ ತೆವಳಿಕೊಂಡು ಬರುವಂಥದ್ದು ಅಂತ ಹಿಂದೆ ಎಲ್ಲರೂ ಅಂದುಕೊಂಡಿದ್ದರು. ಈಗ ಕೆಲವೇ ವಾರಗಳಲ್ಲಿ ಬಂದು ಬೀಳುವ ಬರಕ್ಕೆ ಫ್ಲ್ಯಾಶ್ ಡ್ರಾಟ್ ಅಂತ ಹೆಸರೇ ಇಟ್ಟಿದ್ದಾರೆ. 2012ರಲ್ಲಿ ಹೀಗಾಯಿತು. ನೆಬ್ರಾಸ್ಕಾಕ್ಕೆ ಅದು ದಾಖಲೆಯಲ್ಲೇ ಅತಿ ಒಣ ವರ್ಷ, ಅತಿ ಬಿಸಿ ವರ್ಷ ಕೂಡ. 2017ರಲ್ಲಿ ಮೊಂಟಾನಾ ಮತ್ತು ಉತ್ತರ, ದಕ್ಷಿಣ ಡಕೋಟಾ ರಾಜ್ಯಗಳಲ್ಲಿ ಇದೇ ಕಥೆ. ಮೇ ಮೊದಲ ವಾರದಲ್ಲಿ ಬರದ ಸುಳಿವೇ ಇರಲಿಲ್ಲ. ಜುಲೈ ಹೊತ್ತಿಗೆ ಸರ್ಕಾರದ ಬರದ ನಕ್ಷೆಯಲ್ಲಿ ತೀವ್ರ ಬರದ ಅತ್ಯಂತ ಕಡು ಬಣ್ಣ ಬಿದ್ದಿತ್ತು.

ಇಲ್ಲಿ ಮಳೆ ಕಡಿಮೆಯಾಗಿದ್ದು ಅರ್ಧ ಕಾರಣ ಮಾತ್ರ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇ 7ರಷ್ಟು ಜಾಸ್ತಿ ನೀರಾವಿ ಹಿಡಿದುಕೊಳ್ಳಬಲ್ಲದು. ಬಿಸಿಲು, ಒಣ ಗಾಳಿ, ಮೋಡವಿಲ್ಲದ ಆಕಾಶ ಮೂರೂ ಒಟ್ಟಿಗೆ ಸೇರಿದರೆ ಮಣ್ಣಿನಿಂದಲೂ ಎಲೆಯಿಂದಲೂ ತೇವ ಎಳೆದುಕೊಂಡು ಹೋಗುತ್ತದೆ. ಮಳೆಮಾಪಕದಲ್ಲಿ ಅಂಥ ಕೊರತೆ ಕಾಣದ ವರ್ಷವೂ ಹುಲ್ಲು ಸೀದು ಹೋಗುವುದು ಇದರಿಂದಲೇ. ಹಾಗಾಗಿ ಎಷ್ಟು ಮಳೆ ಬಂತು ಅಂತ ಬರೆದಿಡುವುದರ ಜೊತೆಗೆ ಎಷ್ಟು ಆವಿಯಾಯಿತು ಅಂತಲೂ ನೋಡುವ ಅಭ್ಯಾಸ ಈಗ ಶುರುವಾಗಿದೆ.

ರಾತ್ರಿಗಳೂ ಬಿಸಿಯಾಗುತ್ತಿವೆ. ಇದು ದನಗಳಿಗೆ ದೊಡ್ಡ ತೊಂದರೆ. ಹಗಲು ಮೈಯಲ್ಲಿ ಸೇರಿಕೊಂಡ ಕಾವನ್ನು ದನ ರಾತ್ರಿ ತಂಪಿನಲ್ಲಿ ಹೊರಗೆ ಬಿಡುತ್ತದೆ. ರಾತ್ರಿ ತಂಪಾಗದಿದ್ದರೆ ಮಾರನೇ ದಿನ ಅದು ಹಳೇ ಕಾವಿನ ಮೇಲೆಯೇ ಹೊಸ ಬಿಸಿಲು ತಡೆಯಬೇಕು. 2022ರ ಜೂನ್‌ನಲ್ಲಿ ಕ್ಯಾನ್ಸಸ್‌ನ ನೈಋತ್ಯ ಭಾಗದಲ್ಲಿ ಕನಿಷ್ಠ 2,000 ದನಗಳು ಸತ್ತವು. ಬಿಸಿಲು ಜಾಸ್ತಿ ಇತ್ತು ನಿಜ. ಜೊತೆಗೆ ಗಾಳಿ ನಿಂತಿತ್ತು, ತೇವಾಂಶ ಏರಿತ್ತು, ರಾತ್ರಿ ತಂಪಾಗಲಿಲ್ಲ. ಅವು ಒಂದೇ ಕಡೆ ಕೂಡಿಹಾಕಿ ಕೊಬ್ಬಿಸುವ ಫೀಡ್‌ಲಾಟ್‌ಗಳಲ್ಲಿ ಇದ್ದ ದನ. ಬಯಲಿನಲ್ಲಿ ಮೇಯುವ ದನಕ್ಕೆ ನೆರಳು, ನೀರು ಹುಡುಕಿಕೊಂಡು ಹೋಗುವ ಅವಕಾಶವಾದರೂ ಇರುತ್ತದೆ.

ಸರಿ, ಇದಕ್ಕೆ ರ‍್ಯಾಂಚರ್‌ಗಳು ಏನು ಮಾಡುತ್ತಿದ್ದಾರೆ?

ಚೆನ್ನಾಗಿ ನಿಭಾಯಿಸುವವರು ತೀರ್ಮಾನಕ್ಕೆ ಒಂದು ತಾರೀಖು ಇಟ್ಟುಕೊಂಡಿರುತ್ತಾರೆ. ನೆಬ್ರಾಸ್ಕಾ ವಿಶ್ವವಿದ್ಯಾಲಯದ ಲಿಂಕನ್ ಆವರಣದಲ್ಲಿ ರಾಷ್ಟ್ರೀಯ ಬರ ನಿರ್ವಹಣಾ ಕೇಂದ್ರ ಇದೆ. ಪ್ರತಿ ಗುರುವಾರ ಹೊರಬರುವ ಬರದ ನಕ್ಷೆ 1999ರಿಂದ ನಡೆಯುತ್ತಿರುವುದು ಇವರ ಕೈಯಲ್ಲೇ, ಕೃಷಿ ಇಲಾಖೆ ಮತ್ತು ಹವಾಮಾನ ಇಲಾಖೆಗಳ ಜೊತೆಗೂಡಿ. ಇವರು ರ‍್ಯಾಂಚರ್‌ಗಳಿಗೆ ಹೇಳುವುದು ಇಷ್ಟು: ಒಳ್ಳೆಯ ವರ್ಷದಲ್ಲಿ ತಣ್ಣಗೆ ಕೂತು ಕಾಗದದ ಮೇಲೆ ಬರೆದಿಡಿ. ಉದಾಹರಣೆಗೆ, ಜೂನ್ 15ರ ಹೊತ್ತಿಗೆ ಏಪ್ರಿಲ್‌ನಿಂದ ಈಚೆಗೆ ಬಂದ ಮಳೆ ವಾಡಿಕೆಯ ಮುಕ್ಕಾಲು ಭಾಗಕ್ಕಿಂತ ಕಡಿಮೆ ಇದ್ದರೆ ಇಂಥ ದನ ಮಾರುತ್ತೇನೆ. ಜುಲೈ 15ಕ್ಕೂ ಹಾಗೇ ಇದ್ದರೆ ಇಂಥ ಕರುಗಳ ಹಾಲು ಬಿಡಿಸುತ್ತೇನೆ. ಆ ದಿನ ಬಂದಾಗ ಚರ್ಚೆ ಬೇಡ, ಬರೆದದ್ದನ್ನು ಮಾಡುವುದು ಅಷ್ಟೇ.

ತಾರೀಖು ಎಲ್ಲ ಕಡೆ ಒಂದೇ ಅಲ್ಲ. ಮೊಂಟಾನಾದಲ್ಲಿ ಚಳಿ ಇರುವಾಗಲೇ ಚಿಗುರುವ ಹುಲ್ಲು ಜಾಸ್ತಿ, ಅದಕ್ಕೇ ಜುಲೈ 1ರ ಲೆಕ್ಕ. ನೆಬ್ರಾಸ್ಕಾ, ಕ್ಯಾನ್ಸಸ್ ಕಡೆ ಲಿಟಲ್ ಬ್ಲೂಸ್ಟೆಮ್, ಬ್ಲೂ ಗ್ರಾಮಾ ಥರದ ಬಿಸಿಗಾಲದ ಹುಲ್ಲುಗಳಿವೆ, ಅವಕ್ಕೆ ಜುಲೈ ಮಳೆಯೂ ಲೆಕ್ಕಕ್ಕೆ ಬರುತ್ತದೆ. ಅರಿಜೋನಾ, ನ್ಯೂ ಮೆಕ್ಸಿಕೋಗೆ ಹೋದರೆ ಪೂರಾ ಉಲ್ಟಾ. ಅಲ್ಲಿ ಜುಲೈನಿಂದ ಸೆಪ್ಟೆಂಬರ್‌ವರೆಗೆ ಮಾನ್ಸೂನ್ ಬರುತ್ತದೆ, ಬಹಳ ಕಡೆ ವರ್ಷದ ಅರ್ಧದಷ್ಟು ಮಳೆ ಅದರಲ್ಲೇ. ಅಲ್ಲಿಯವರು ಆಗಸ್ಟ್ ಮಳೆ ನೋಡಿಯೇ ತೀರ್ಮಾನಿಸಬೇಕು. 2020ರಲ್ಲಿ ಅರಿಜೋನಾದ ಮಾನ್ಸೂನ್ ಎಷ್ಟು ಕೈಕೊಟ್ಟಿತು ಅಂದರೆ ಜನ ಅದನ್ನು 'ನಾನ್‌ಸೂನ್' ಅಂತ ಕರೆದರು. ಯಾರೇ ಆಗಲಿ, ತನ್ನ ಹುಲ್ಲು ಬೆಳೆಯುವುದು ಯಾವಾಗ ನಿಲ್ಲುತ್ತದೆ ಅಂತ ಗೊತ್ತಿಟ್ಟುಕೊಂಡು ಅದಕ್ಕಿಂತ ಸ್ವಲ್ಪ ಮುಂಚೆ ತಾರೀಖು ಇಡಬೇಕು.

ಮಾರುವುದು ಅಂದರೆ ಯಾವುದನ್ನು ಮೊದಲು? ಇದಕ್ಕೂ ಒಂದು ಸಾಲು ಇದೆ. ಬುದ್ಧಿವಂತರು ಹಿಂಡಿನಲ್ಲಿ ಒಂದು ಭಾಗ ಸುಮಾರು ಒಂದು ವರ್ಷದ ಎಳೆ ದನಗಳನ್ನು ಇಟ್ಟುಕೊಂಡಿರುತ್ತಾರೆ. ಇವುಗಳ ಜೊತೆ ಅಂಥ ಬಾಂಧವ್ಯ ಇರುವುದಿಲ್ಲ. ಬರ ಬಂದರೆ ಇವು ಮೊದಲು ಲಾರಿ ಹತ್ತುತ್ತವೆ, ತಾಯಿ ಹಸುಗಳಿಗೆ ಹುಲ್ಲು ಉಳಿಯುತ್ತದೆ. ಆಮೇಲೆ ಗಬ್ಬ ನಿಲ್ಲದವು. ಸಾಮಾನ್ಯವಾಗಿ ಗಬ್ಬ ಪರೀಕ್ಷೆ ಶರತ್ಕಾಲದಲ್ಲಿ ಮಾಡಿಸುತ್ತಾರೆ. ಬರದ ವರ್ಷ ಆಗಸ್ಟ್‌ನಲ್ಲೇ ಮಾಡಿಸಿಬಿಡುವುದು ಲೇಸು. ಸ್ಕ್ಯಾನ್ ಮಾಡಿದರೆ ಅಥವಾ ರಕ್ತ ಪರೀಕ್ಷೆ ಮಾಡಿದರೆ ಗರ್ಭ ಕಟ್ಟಿ ಸುಮಾರು ಒಂದು ತಿಂಗಳಿಗೇ ಗೊತ್ತಾಗುತ್ತದೆ. ಕರು ಕೊಡದ ಹಸುವಿಗೆ ಇನ್ನೆರಡು ತಿಂಗಳು ಹುಲ್ಲು ತಿನ್ನಿಸಿ ಏನು ಪ್ರಯೋಜನ? ನಂತರ ಹಲ್ಲು ಸವೆದವು, ಕೆಚ್ಚಲು ಕೆಟ್ಟವು, ಕಾಲು ಎಳೆಯುವವು.

ಸೆಪ್ಟೆಂಬರ್‌ವರೆಗೆ ಕಾದರೆ ಇವೆಲ್ಲವನ್ನೂ ಊರಿನವರೆಲ್ಲ ಮಾರುವ ಹೊತ್ತಿಗೆ ಮಾರಬೇಕಾಗುತ್ತದೆ. ಸಂತೆಯಲ್ಲಿ ದನ ತುಂಬಿ ತುಳುಕುತ್ತಿರುತ್ತದೆ, ಬೆಲೆ ಬಿದ್ದಿರುತ್ತದೆ, ದನವೂ ಬಡಕಲಾಗಿರುತ್ತದೆ. ಮೂರೂ ನಷ್ಟ. ಅದೇ ಜುಲೈನಲ್ಲಿ ಮಾರಿದವನ ಕೈಯಲ್ಲಿ ದುಡ್ಡೂ ಇರುತ್ತದೆ, ಬಯಲಿನಲ್ಲಿ ಸ್ವಲ್ಪ ಹುಲ್ಲೂ ಇರುತ್ತದೆ.

ಕರುಗಳನ್ನು ಬೇಗ ಹಾಲು ಬಿಡಿಸುವುದು ಇನ್ನೊಂದು ಉಪಾಯ. ವಾಡಿಕೆಯಂತೆ ಏಳು ತಿಂಗಳ ಹೊತ್ತಿಗೆ ಬಿಡಿಸುತ್ತಾರೆ. ಬರದಲ್ಲಿ ನಾಲ್ಕೈದು ತಿಂಗಳಿಗೇ, ತೀರಾ ಕಷ್ಟವಾದರೆ ಇನ್ನೂ ಮುಂಚೆ. ಹಾಲು ಬತ್ತಿದ ಹಸು ತಿನ್ನುವುದೂ ಕಡಿಮೆ, ಕುಡಿಯುವುದೂ ಕಡಿಮೆ. ಕರು ಕೂಡ ಆ ವಯಸ್ಸಿಗೆ ಹುಲ್ಲು ಮೇಯುತ್ತಲೇ ಇರುತ್ತದಲ್ಲ, ಅದೂ ಉಳಿಯುತ್ತದೆ. ಕರುವನ್ನು ಬೇರೆ ಮಾಡಿದ ಪ್ರತಿ ಎರಡೂವರೆ ದಿನಕ್ಕೆ ಒಂದು ಹಸುವಿನ ಒಂದು ದಿನದ ಮೇವು ಉಳಿತಾಯ ಅಂತ ಅಲ್ಲಿಯ ವಿಸ್ತರಣಾ ಅಧಿಕಾರಿಗಳು ಲೆಕ್ಕ ಹೇಳುತ್ತಾರೆ. ಮುಖ್ಯ ಲಾಭ ಮಾತ್ರ ಬೇರೆಯೇ. ಹಸು ಮೈ ತುಂಬಿಕೊಂಡು ಚಳಿಗಾಲಕ್ಕೆ ಹೋಗುತ್ತದೆ. ಆಗಸ್ಟ್‌ನಲ್ಲಿ ಪಕ್ಕೆಲುಬು ಕಾಣುತ್ತಿದ್ದ ಹಸುವನ್ನು ಜನವರಿಯ ಹಿಮದಲ್ಲಿ ಮೈದುಂಬಿಸುವುದಕ್ಕೆ ಎಷ್ಟು ದುಡ್ಡು ಸುರಿದರೂ ಸಾಲದು. ಬಡಕಲಾದ ಹಸು ಕರು ಹಾಕಿದ ಮೇಲೆ ಬೆದೆಗೆ ಬರುವುದು ತಡವಾಗುತ್ತದೆ. ಹೀಗೆ ಈ ವರ್ಷದ ಬರ ಮುಂದಿನ ವರ್ಷದ ಕರುವನ್ನೂ ತಿನ್ನುತ್ತದೆ.

ಮೇವು ಕೊಂಡು ಹಾಕಬಹುದಲ್ಲ ಅಂತ ನೀವು ಕೇಳಬಹುದು. ಲೆಕ್ಕ ಹಾಕೋಣ. ಒಂದು ಹಸುವಿಗೆ ದಿನಕ್ಕೆ ಸುಮಾರು 12 ಕಿಲೋ ಒಣಮೇವು. ಐದು ತಿಂಗಳ ಚಳಿಗಾಲಕ್ಕೆ 1,800 ಕಿಲೋ. 200 ಹಸು ಇದ್ದರೆ 360 ಟನ್. ಬರ ಇದ್ದ ವರ್ಷ ಅಕ್ಕಪಕ್ಕದ ರಾಜ್ಯಗಳಲ್ಲೂ ಮೇವು ಇರುವುದಿಲ್ಲ, ನೂರಾರು ಮೈಲಿ ದೂರದಿಂದ ಲಾರಿಯಲ್ಲಿ ತರಿಸಬೇಕು. ಮೇವಿನ ಬೆಲೆಗಿಂತ ಬಾಡಿಗೆಯೇ ಹೊರೆಯಾಗುವುದುಂಟು. ಒಂದು ವರ್ಷ ಹೇಗೋ ತಡೆಯಬಹುದು. ಎರಡನೇ ವರ್ಷವೂ ಬರ ಮುಂದುವರಿದರೆ ಮೇವು ಕೊಂಡು ಇಡೀ ಹಿಂಡು ಉಳಿಸಿಕೊಳ್ಳಲು ಹೋದವರ ಮನೆ ಸಾಲದಲ್ಲಿ ಮುಳುಗುತ್ತದೆ.

ಹುಲ್ಲಿನ ಬೇರಿನ ಬಗ್ಗೆ ಹೇಳದಿದ್ದರೆ ಈ ಮಾತು ಅರ್ಧವಾಗುತ್ತದೆ. 1955ರಲ್ಲಿ ಫ್ರಾಂಕ್ಲಿನ್ ಕ್ರೈಡರ್ ಎಂಬ ವಿಜ್ಞಾನಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದ. ಹುಲ್ಲಿನ ಮೇಲ್ಭಾಗದಲ್ಲಿ ಅರ್ಧದಷ್ಟು ಕತ್ತರಿಸಿದರೆ ಬೇರಿನ ಬೆಳವಣಿಗೆಗೆ ಅಷ್ಟಾಗಿ ಏನೂ ಆಗುವುದಿಲ್ಲ. ಶೇ 60 ಕತ್ತರಿಸಿದರೆ ಅರ್ಧದಷ್ಟು ಬೇರುಗಳು ಬೆಳೆಯುವುದು ನಿಲ್ಲಿಸುತ್ತವೆ. ಶೇ 80 ಕತ್ತರಿಸಿದರೆ ಎಲ್ಲವೂ ನಿಂತೇ ಬಿಡುತ್ತವೆ. ಐವತ್ತರಿಂದ ಅರವತ್ತಕ್ಕೆ ಹೋದರೆ ಮೇಲೆ ನೋಡುವವರ ಕಣ್ಣಿಗೆ ಅಂಥ ವ್ಯತ್ಯಾಸ ಕಾಣುವುದಿಲ್ಲ, ನೆಲದ ಕೆಳಗೆ ಮಾತ್ರ ಅಷ್ಟು ಅಂತರ. ಅರ್ಧ ಮೇಯಿಸು, ಅರ್ಧ ಬಿಡು ಅಂತ ರ‍್ಯಾಂಚರ್‌ಗಳು ಹೇಳುವುದು ಇದಕ್ಕೇ. ಬರದಲ್ಲಿ ಆ ಉಳಿದ ಅರ್ಧವನ್ನೂ ಮೇಯಿಸಿಬಿಡುವುದು ಬಿತ್ತನೆ ಬೀಜವನ್ನು ಬೀಸಿ ತಿಂದ ಹಾಗೆ. ಸ್ಯಾಂಡ್‌ಹಿಲ್ಸ್‌ನಲ್ಲಂತೂ ಹುಲ್ಲಿನ ಕೆಳಗೆ ಇರುವುದು ಬರೀ ಮರಳು. ಸಾವಿರಾರು ಚದರ ಮೈಲಿ ಮರಳು ದಿಬ್ಬಗಳನ್ನು ಹಿಡಿದಿಟ್ಟಿರುವುದೇ ಹುಲ್ಲಿನ ಬೇರು. ಬೇರು ಸತ್ತ ಕಡೆ ಗಾಳಿಗೆ ಮರಳು ಹಾರಿ ಗುಂಡಿ ಬೀಳುತ್ತದೆ. ಅದನ್ನು ಮತ್ತೆ ಮುಚ್ಚಿಸುವುದು ವರ್ಷಗಳ ಕೆಲಸ.

ಇನ್ನು ನೀರು. ಬರದ ಆಗಸ್ಟ್‌ನಲ್ಲಿ ಹುಲ್ಲಿಗಿಂತ ಮೊದಲು ಕೈಕೊಡುವುದು ಬಹಳ ಸಲ ನೀರೇ.

ಬಿಸಿಲಿನ ದಿನ ಹಾಲುಣಿಸುವ ಒಂದು ಹಸು 75 ಲೀಟರ್ ಅಥವಾ ಅದಕ್ಕಿಂತ ಜಾಸ್ತಿ ಕುಡಿಯುತ್ತದೆ. 200 ಹಸುಗಳಿಗೆ ದಿನಕ್ಕೆ 15,000 ಲೀಟರ್. ಬೋರ್‌ವೆಲ್ ನಿಮಿಷಕ್ಕೆ 20 ಲೀಟರ್ ಎತ್ತುತ್ತದೆ ಅಂತಿಟ್ಟುಕೊಳ್ಳಿ. ದಿನಕ್ಕೆ 28,800 ಲೀಟರ್ ಆಯಿತು, ಬೇಕಾದಷ್ಟಾಯಿತಲ್ಲ ಅನ್ನಿಸುತ್ತದೆ. ಆದರೆ ದನಗಳು ದಿನವಿಡೀ ಸರದಿಯಲ್ಲಿ ಬಂದು ಕುಡಿಯುವುದಿಲ್ಲ. ಬಿಸಿಲೇರಿದ ಮೇಲೆ ಇಡೀ ಹಿಂಡು ಒಟ್ಟಿಗೆ ತೊಟ್ಟಿಗೆ ಬರುತ್ತದೆ. ಬಲವಾದವು ಮುಂದೆ ನುಗ್ಗಿ ಹೊಟ್ಟೆ ತುಂಬ ಕುಡಿಯುತ್ತವೆ. ಎಳೆಯವು, ಪುಕ್ಕಲು ಸ್ವಭಾವದವು ಹಿಂದೆ ನಿಂತಿರುತ್ತವೆ. ಅವುಗಳ ಸರದಿ ಬರುವಷ್ಟರಲ್ಲಿ ತೊಟ್ಟಿಯ ತಳ ಕಾಣುತ್ತದೆ. ಆಮೇಲೆ ಹಿಂಡು ಹೊರಟಿತು ಅಂದರೆ ಕುಡಿಯದವೂ ಅದರ ಹಿಂದೆಯೇ ಹೊರಟುಬಿಡುತ್ತವೆ. ಹಿಂಡು ಬಿಟ್ಟು ಒಂಟಿಯಾಗಿ ನಿಲ್ಲುವುದು ದನದ ಸ್ವಭಾವದಲ್ಲೇ ಇಲ್ಲ. ಹಾಗಾಗಿ ಬೇಕಾಗಿರುವುದು ದೊಡ್ಡ ಪಂಪ್‌ಗಿಂತ ಮೊದಲು ದೊಡ್ಡ ತೊಟ್ಟಿ. ಹಳೇ ವಿಂಡ್‌ಮಿಲ್‌ಗಳು ಗಾಳಿ ನಿಂತ ದಿನ ನಿಲ್ಲುತ್ತವೆ, ಸೆಕೆ ಹೆಚ್ಚಿರುವುದೂ ಅಂಥ ದಿನಗಳಲ್ಲೇ. ಈಗ ಬಹಳ ಕಡೆ ಸೋಲಾರ್ ಪಂಪ್ ಬಂದಿದೆ. ಬಿಸಿಲು ಜಾಸ್ತಿ ಇದ್ದಾಗಲೇ ಅದು ಜಾಸ್ತಿ ಎತ್ತುತ್ತದೆ, ಅದೊಂದು ಅನುಕೂಲ. ಆದರೂ ಮೂರು ದಿನಕ್ಕಾಗುವಷ್ಟು ನೀರು ತೊಟ್ಟಿಯಲ್ಲಿರಲಿ ಅಂತಲೇ ನಾನು ಹೇಳುವುದು.

ಹೊಂಡದ ನೀರು ನಂಬಿದವರಿಗೆ ಬೇರೆ ಅಪಾಯ. ನೀರು ಆವಿಯಾದಂತೆ ಅದರಲ್ಲಿದ್ದ ಉಪ್ಪು ಹಾಗೇ ಉಳಿದು ಗಾಢವಾಗುತ್ತದೆ. ಸಲ್ಫೇಟ್ ಹೆಚ್ಚಾದರೆ ದನದ ಮೆದುಳಿಗೆ ಪೆಟ್ಟು. ಕಣ್ಣು ಕಾಣದಂತಾಗಿ ಕಂಬಕ್ಕೋ ಬೇಲಿಗೋ ತಲೆ ಒತ್ತಿಕೊಂಡು ನಿಲ್ಲುತ್ತದೆ. ನೀರನ್ನು ಕಣ್ಣಲ್ಲಿ ನೋಡಿ ಇದು ಗೊತ್ತಾಗುವುದಿಲ್ಲ. ಪೆನ್ನಿನಷ್ಟು ದೊಡ್ಡ ಒಂದು ಮೀಟರ್ ಅದ್ದಿದರೆ ಒಟ್ಟು ಉಪ್ಪು ಎಷ್ಟಿದೆ ಅಂತ ಅಂದಾಜು ಸಿಗುತ್ತದೆ. ಜಾಸ್ತಿ ತೋರಿಸಿದರೆ ಲ್ಯಾಬಿಗೆ ಕಳಿಸಬೇಕು. ಇನ್ನೊಂದು ನೀಲಿ-ಹಸಿರು ಪಾಚಿ. ನಿಂತ ನೀರು, ಬಿಸಿಲು, ಸಗಣಿಯ ಗೊಬ್ಬರ ಮೂರೂ ಸೇರಿದರೆ ಬೇಸಿಗೆ ಕೊನೆಯಲ್ಲಿ ಇದು ಉಕ್ಕುತ್ತದೆ. ಗಾಳಿ ತಳ್ಳಿ ತಳ್ಳಿ ಒಂದು ದಡದಲ್ಲಿ ಬಣ್ಣ ಚೆಲ್ಲಿದಂತೆ ಕೂಡಿಸುತ್ತದೆ. ಆ ದಡದಲ್ಲಿ ಕುಡಿದ ದನ ಮನೆ ಸೇರದೆಯೂ ಹೋಗಬಹುದು. ಹೊಂಡಕ್ಕೆ ಬೇಲಿ ಹಾಕಿ, ಪೈಪಿನಲ್ಲಿ ನೀರು ಹೊರತಂದು ತೊಟ್ಟಿಗೆ ಬಿಟ್ಟರೆ ನೀರು ಕದಡುವುದಿಲ್ಲ, ಬಡಕಲು ಹಸು ಕೆಸರಿನಲ್ಲಿ ಹೂತು ಸಾಯುವುದೂ ತಪ್ಪುತ್ತದೆ. ಪಾಚಿ ಎದ್ದಿರುವಾಗ ಮಾತ್ರ ಆ ನೀರನ್ನು ಪೈಪಿನಲ್ಲೂ ಕುಡಿಸಬಾರದು.

ಈಗ ನನ್ನನ್ನು ಅತಿ ಹೆಚ್ಚು ಕಾಡುವ ವಿಷಯಕ್ಕೆ ಬರುತ್ತೇನೆ. ಬರದ ಮಧ್ಯೆ ಆಗಸ್ಟ್ ಕೊನೆಯಲ್ಲಿ ಒಂದು ಒಳ್ಳೆ ಮಳೆ ಬಂತು. ಎಲ್ಲರಿಗೂ ಖುಷಿ. ಒಣಗಿ ನಿಂತಿದ್ದ ಜೋಳದ ಹೊಲ ನಾಲ್ಕು ದಿನಕ್ಕೆ ಹಸಿರಾಯಿತು. ಹಸಿದ ದನಗಳನ್ನು ಅದಕ್ಕೆ ಬಿಡೋಣ ಅನ್ನಿಸುತ್ತದೆ. ದನ ಗುಂಪಾಗಿ ಸಾಯುವುದು ಇಂಥ ಹೊತ್ತಿನಲ್ಲೇ.

ಇಲ್ಲಿ ಎರಡು ವಿಷಗಳಿವೆ, ಎರಡನ್ನೂ ಬೇರೆ ಬೇರೆ ತಿಳಿದುಕೊಳ್ಳಬೇಕು. ಒಂದು ನೈಟ್ರೇಟ್. ಗಿಡ ಬೇರಿನಿಂದ ನೈಟ್ರೇಟ್ ಎಳೆದುಕೊಂಡು ಎಲೆಯಲ್ಲಿ ಪ್ರೋಟೀನ್ ಮಾಡುತ್ತದೆ. ಬರದಲ್ಲಿ ಈ ಕೆಲಸ ನಿಂತು ನೈಟ್ರೇಟ್ ದಂಟಿನಲ್ಲೇ ಕೂಡಿಕೊಳ್ಳುತ್ತದೆ, ಅದರಲ್ಲೂ ಬುಡದ ಕಡೆ. ಮಳೆ ಬಿದ್ದ ತಕ್ಷಣ ಬೇರು ಇನ್ನಷ್ಟು ಎಳೆದುಕೊಳ್ಳುವುದರಿಂದ ಮುಂದಿನ ಕೆಲವು ದಿನ ಇದು ಏರುತ್ತದೆ. ದನದ ಹೊಟ್ಟೆಯಲ್ಲಿ ಇದು ನೈಟ್ರೈಟ್ ಆಗಿ ರಕ್ತಕ್ಕೆ ಸೇರಿದರೆ ರಕ್ತ ಆಮ್ಲಜನಕ ಹೊರುವುದನ್ನೇ ನಿಲ್ಲಿಸುತ್ತದೆ. ರಕ್ತ ಚಾಕೊಲೇಟ್ ಬಣ್ಣಕ್ಕೆ ತಿರುಗುತ್ತದೆ. ಪಶುವೈದ್ಯರು ಸಮಯಕ್ಕೆ ಬಂದು ಮಿಥಿಲೀನ್ ಬ್ಲೂ ರಕ್ತನಾಳಕ್ಕೆ ಕೊಟ್ಟರೆ ಉಳಿಯಬಹುದು. ಬಯಲಿನಲ್ಲಿ ಆ ಸಮಯ ಸಿಗುವುದು ಕಡಿಮೆ.

ಎರಡನೆಯದು ಪ್ರೂಸಿಕ್ ಆಮ್ಲ, ಅಂದರೆ ಸೈನೈಡ್. ಇದು ಜೋಳದ ಜಾತಿಯ ಎಳೆ ಚಿಗುರಿನಲ್ಲಿ. ಬರದ ನಂತರ ಬುಡದಿಂದ ಹೊಸದಾಗಿ ಒಡೆದ ಚಿಗುರಿನಲ್ಲಿ ಜಾಸ್ತಿ. ಮುಖ್ಯವಾದ ವ್ಯತ್ಯಾಸ ಇಲ್ಲಿದೆ. ಕತ್ತರಿಸಿ ಚೆನ್ನಾಗಿ ಒಣಗಿಸಿದರೆ ಪ್ರೂಸಿಕ್ ಆಮ್ಲ ಹಾರಿಹೋಗುತ್ತದೆ. ನೈಟ್ರೇಟ್ ಹೋಗುವುದಿಲ್ಲ. ಆಗಸ್ಟ್‌ನಲ್ಲಿ ಕಟ್ಟಿದ ಮೇವಿನ ಪೆಂಡಿಯಲ್ಲಿ ಅದು ಜನವರಿಯವರೆಗೂ ಹಾಗೇ ಕೂತಿರುತ್ತದೆ. ಸೈಲೇಜ್ ಮಾಡಿದರೆ, ಅಂದರೆ ಹಸಿ ಮೇವನ್ನು ಗಾಳಿಯಾಡದಂತೆ ಮುಚ್ಚಿ ಹುದುಗಿಸಿದರೆ, ಸ್ವಲ್ಪ ಮಟ್ಟಿಗೆ ಕಡಿಮೆಯಾಗುತ್ತದೆ. ಆದ್ದರಿಂದ ಕೊಯ್ಯುವಾಗ ಬುಡದಲ್ಲಿ ಆರೆಂಟು ಇಂಚು ಬಿಟ್ಟು ಕೊಯ್ಯುತ್ತಾರೆ.

ಹೊಲದಲ್ಲೇ ಮಾಡುವ ಒಂದು ಪರೀಕ್ಷೆ ಇದೆ. ದಂಟನ್ನು ಬುಡದ ಹತ್ತಿರ ಚಾಕುವಿನಿಂದ ಉದ್ದಕ್ಕೆ ಸೀಳಿ, ಒಳಗಿನ ಬಿಳಿ ಭಾಗದ ಮೇಲೆ ಡೈಫಿನೈಲ್‌ಅಮೈನ್ ದ್ರಾವಣದ ಒಂದು ಹನಿ ಬಿಡುತ್ತಾರೆ. ನೈಟ್ರೇಟ್ ಇದ್ದರೆ ಕೆಲವೇ ಕ್ಷಣದಲ್ಲಿ ಕಡು ನೀಲಿ. ಗಣ್ಣಿನಿಂದ ಗಣ್ಣಿಗೆ ಮೇಲೆ ಮೇಲೆ ಹನಿ ಹಾಕುತ್ತಾ ಹೋದರೆ ಎಲ್ಲಿಯವರೆಗೆ ನೀಲಿ ಬರುತ್ತದೆ ಅಂತ ಕಾಣುತ್ತದೆ. ಅದರಿಂದಲೇ ಎಷ್ಟು ಎತ್ತರಕ್ಕೆ ಕೊಯ್ಯಬೇಕು ಅಂತ ಅಂದಾಜು ಮಾಡಬಹುದು. ಆ ದ್ರಾವಣ ಗಂಧಕಾಮ್ಲದಲ್ಲಿ ಮಾಡಿದ್ದು, ಕೈಗೆ ತಾಗಿದರೆ ಸುಡುತ್ತದೆ, ಜೋಪಾನ. ನೀಲಿ ಬಂದರೆ ಲ್ಯಾಬ್ ವರದಿ ಬರುವ ತನಕ ಗೇಟು ತೆಗೆಯಬೇಡಿ. ಏನೂ ಬರಲಿಲ್ಲ ಅಂದರೂ ಹಸಿದ ದನಗಳನ್ನು ಅಂಥ ಹೊಲಕ್ಕೆ ನೇರವಾಗಿ ಬಿಡಬೇಡಿ. ಮೊದಲು ಒಣಹುಲ್ಲು ಹೊಟ್ಟೆ ತುಂಬ ತಿನ್ನಲಿ.

ಇದೆಲ್ಲ ಒಂದು ವರ್ಷದ ನಿಭಾವಣೆಯಾಯಿತು. ಬದಲಾವಣೆ ಹೀಗೇ ಮುಂದುವರಿಯುತ್ತದೆ ಅಂತ ಒಪ್ಪಿಕೊಂಡವರು ರ‍್ಯಾಂಚಿನ ಕ್ಯಾಲೆಂಡರನ್ನೇ ತಿದ್ದುತ್ತಿದ್ದಾರೆ. ಫೆಬ್ರವರಿ, ಮಾರ್ಚ್‌ನ ಹಿಮದಲ್ಲಿ ಕರು ಹಾಕಿಸುವ ಬದಲು ಮೇ ತಿಂಗಳಲ್ಲಿ ಹಾಕಿಸುತ್ತಾರೆ. ಹಸು ಹೆಚ್ಚು ಹಾಲು ಕೊಡಬೇಕಾದಾಗ ಹುಲ್ಲೂ ಹಸಿರಾಗಿರುತ್ತದೆ, ಕೊಂಡ ಮೇವಿನ ಖರ್ಚು ತಗ್ಗುತ್ತದೆ. ನೆಬ್ರಾಸ್ಕಾದ ಗುಡ್ಮಂಡ್ಸೆನ್ ಸ್ಯಾಂಡ್‌ಹಿಲ್ಸ್ ಪ್ರಯೋಗಾಲಯದಲ್ಲಿ ಇದರ ಮೇಲೆ ತುಂಬಾ ಕೆಲಸ ಆಗಿದೆ. ಆದರೆ ಇಲ್ಲೂ ಬೇಸಿಗೆ ಕೊನೆ ಅಡ್ಡ ಬರುತ್ತದೆ. ಮೇನಲ್ಲಿ ಕರು ಹಾಕಿದ ಹಸು ಮತ್ತೆ ಗಬ್ಬವಾಗಬೇಕಾದದ್ದು ಆಗಸ್ಟ್‌ನಲ್ಲಿ. ಆಗ ಹುಲ್ಲಿನ ಸತ್ವ ಇಳಿದಿರುತ್ತದೆ, ಸೆಕೆ ಏರಿರುತ್ತದೆ. ಹೋರಿಯಲ್ಲಿ ವೀರ್ಯ ತಯಾರಾಗಲು ಸುಮಾರು ಎರಡು ತಿಂಗಳು ಬೇಕು. ಜುಲೈನ ಬಿಸಿಲಿನ ಪೆಟ್ಟು ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಗಬ್ಬ ನಿಲ್ಲದಿರುವುದರಲ್ಲಿ ಕಾಣಿಸಿಕೊಳ್ಳುತ್ತದೆ. ಹಿಮದ ಕಷ್ಟ ತಪ್ಪಿಸಲು ಹೋಗಿ ಬಿಸಿಲಿನ ಕಷ್ಟ ತಂದುಕೊಂಡ ಹಾಗಾಗಬಾರದು. ಕೆಲವರು ಆ ತಿಂಗಳುಗಳಿಗೆ ಪ್ರೋಟೀನ್ ಹಿಂಡಿ ಕೊಟ್ಟು ಸರಿದೂಗಿಸುತ್ತಾರೆ. ಯಾವುದು ಸರಿ ಅಂತ ಪ್ರತಿ ರ‍್ಯಾಂಚ್ ತನ್ನ ಹುಲ್ಲು ನೋಡಿಯೇ ಹೇಳಬೇಕು.

ತಳಿಯ ಕಡೆಯೂ ಹುಡುಕಾಟ ಇದೆ. ಟೆಕ್ಸಾಸ್‌ನ ಕಿಂಗ್ ರ‍್ಯಾಂಚ್‌ನಲ್ಲಿ ಬ್ರಾಹ್ಮನ್ ಮತ್ತು ಶಾರ್ಟ್‌ಹಾರ್ನ್ ದನಗಳನ್ನು ಕೂಡಿಸಿ ಸಾಂತಾ ಗೆರ್ಟ್ರೂಡಿಸ್ ತಳಿ ಮಾಡಿದ್ದು ಹಳೇ ಮಾತು, 1940ರಲ್ಲೇ ಅದಕ್ಕೆ ಮಾನ್ಯತೆ ಸಿಕ್ಕಿತು. ಈಗ ನ್ಯೂ ಮೆಕ್ಸಿಕೋದ ಹೊರ್ನಾಡಾ ಸಂಶೋಧನಾ ಕೇಂದ್ರದಲ್ಲಿ ಮೆಕ್ಸಿಕೋದ ರಾರಾಮುರಿ ಕ್ರಿಯೊಯೊ ಎಂಬ ದನಗಳನ್ನು ಸಾಕಿ ನೋಡುತ್ತಿದ್ದಾರೆ. ಮೈಕಟ್ಟು ಚಿಕ್ಕದು. ನೀರಿನಿಂದ ಬಹಳ ದೂರ ನಡೆದು ಹೋಗಿ ಮೇಯುತ್ತವೆ. ಬೇರೆ ದನ ಮೂಸದ ಪೊದೆಗಳಿಗೂ ಬಾಯಿ ಹಾಕುತ್ತವೆ. ಆದರೆ ಮಾರುಕಟ್ಟೆ ಕೇಳುವುದು ಆಂಗಸ್ ತಳಿಯ ದೊಡ್ಡ ಕಪ್ಪು ಕರು. ಚಿಕ್ಕ ದನಕ್ಕೆ ಬೆಲೆ ಕಡಿಮೆ. ಹವಾಮಾನ ಒಂದು ಹೇಳುತ್ತದೆ, ಸಂತೆ ಇನ್ನೊಂದು ಹೇಳುತ್ತದೆ. ನನಗೆ ಆ ಚಿಕ್ಕ ದನಗಳ ಮೇಲೆ ಭರವಸೆ ಇದೆ.

ಸರ್ಕಾರದ ನೆರವಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಗುರುವಾರದ ಬರದ ನಕ್ಷೆಯಲ್ಲಿ ನಿಮ್ಮ ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥದ್ದು, ಒಂದು ಮಟ್ಟಕ್ಕಿಂತ ಕೆಟ್ಟ ಬಣ್ಣದಲ್ಲಿ ನಿಗದಿತ ವಾರಗಳ ಕಾಲ ಇದ್ದರೆ ಮೇವಿನ ನಷ್ಟಕ್ಕೆ ಪರಿಹಾರ ಸಿಗುತ್ತದೆ. ಹುಲ್ಲುಗಾವಲಿಗೆ ಮಳೆ ವಿಮೆಯೂ ಇದೆ. ವರ್ಷವನ್ನು ಎರಡೆರಡು ತಿಂಗಳ ಕಂತಾಗಿ ಮಾಡಿ, ಯಾವ ಕಂತಿಗೆ ಎಷ್ಟು ವಿಮೆ ಅಂತ ರ‍್ಯಾಂಚರ್ ಮೊದಲೇ ಆರಿಸಬೇಕು. ಮಳೆಯ ಲೆಕ್ಕ ನಿಮ್ಮ ಹೊಲದ್ದಲ್ಲ, ನಕ್ಷೆಯ ಒಂದು ದೊಡ್ಡ ಚೌಕದ್ದು. ನೆರೆಯವನ ಬಯಲಿಗೆ ಗುಡುಗುಮಳೆ ಸುರಿದು ನಿಮ್ಮದು ಒಣಗಿದ್ದರೂ ಹಣ ಬಾರದೆ ಹೋಗಬಹುದು. ಬರದಿಂದಾಗಿ ಅನಿವಾರ್ಯವಾಗಿ ಮಾರಿದ ದನದ ಆದಾಯದ ಮೇಲೆ ತೆರಿಗೆ ಮುಂದೂಡಲು ಅವಕಾಶ ಇದೆ. ಇದು ಗೊತ್ತಿಲ್ಲದೆ, ತೆರಿಗೆಗೆ ಹೆದರಿ ಮಾರುವುದನ್ನು ತಡ ಮಾಡುವವರಿದ್ದಾರೆ. ಸರ್ಕಾರಿ ಜಮೀನಿನಲ್ಲಿ ಪರವಾನಗಿ ಮೇಲೆ ಮೇಯಿಸುವವರಿಗಂತೂ ಬೇರೆ ದಾರಿಯೇ ಇಲ್ಲ. ಬರ ಇದ್ದರೆ ಅಧಿಕಾರಿಗಳು ಅವಧಿ ಮೊಟಕು ಮಾಡುತ್ತಾರೆ, ದನ ಹೊರಗೆ ಬರಲೇಬೇಕು.

ಇಷ್ಟೆಲ್ಲ ಗೊತ್ತಿದ್ದೂ ಜನ ಯಾಕೆ ಕಾಯುತ್ತಾರೆ? ಇದನ್ನು ದುಡ್ಡಿನ ಲೆಕ್ಕದಲ್ಲಿ ಮಾತ್ರ ನೋಡಿದರೆ ಅರ್ಥವಾಗುವುದಿಲ್ಲ. ಒಂದು ರ‍್ಯಾಂಚಿನ ಹಸುಗಳು ಅಜ್ಜನ ಕಾಲದಿಂದ ತಾಯಿ, ಮಗಳು, ಮೊಮ್ಮಗಳು ಅಂತ ಅದೇ ನೆಲದಲ್ಲಿ ಬೆಳೆದು ಬಂದವು. ಯಾವ ಕಣಿವೆಯಲ್ಲಿ ಗಾಳಿ ಕಡಿಮೆ, ಯಾವ ತಿಂಗಳಲ್ಲಿ ಯಾವ ಕಡೆ ನೀರಿರುತ್ತದೆ, ಯಾವ ಗಿಡ ಮುಟ್ಟಬಾರದು ಅಂತ ತಾಯಿಯಿಂದ ಕರು ಕಲಿತಿರುತ್ತದೆ. ಮಾರಿದರೆ ದುಡ್ಡು ಬರುತ್ತದೆ. ಆ ತಿಳಿವಳಿಕೆಯನ್ನು ಸಂತೆಯಲ್ಲಿ ವಾಪಸ್ ಕೊಳ್ಳಲು ಆಗುವುದಿಲ್ಲ. ಹೊರಗಿನಿಂದ ತಂದ ಹಸು ಮೊದಲ ವರ್ಷ ಬೇಲಿಯುದ್ದಕ್ಕೂ ಅಲೆಯುತ್ತಿರುತ್ತದೆ. ಹಾಗಾಗಿ ಹಿಂಡು ಕಡಿಮೆ ಮಾಡು ಅಂತ ಹೇಳುವವರು ಈ ನೋವನ್ನೂ ತಿಳಿದು ಹೇಳಬೇಕು. ತಾರೀಖು ಇಟ್ಟುಕೊಂಡು ಬೇಗ ಮಾರುವುದರ ದೊಡ್ಡ ಲಾಭ ನನಗೆ ಕಾಣುವುದು ಇಲ್ಲೇ. ಜೂನ್‌ನಲ್ಲಿ ಎಳೆ ದನ, ಗೊಡ್ಡು ಹಸು ಮಾರಿದವರು ಸೆಪ್ಟೆಂಬರ್‌ನಲ್ಲಿ ಆ ಮೂಲ ಹಸುಗಳಿಗೆ ಕೈ ಹಾಕಬೇಕಾಗಿ ಬರುವುದಿಲ್ಲ.

2011ರಲ್ಲಿ ಟೆಕ್ಸಾಸ್‌ನಲ್ಲಿ ಆದದ್ದು ಇದಕ್ಕೆ ಸಾಕ್ಷಿ. ಅದು ಆ ರಾಜ್ಯದ ದಾಖಲೆಯಲ್ಲಿ ಅತಿ ಒಣ ವರ್ಷ, ಕೃಷಿ ನಷ್ಟ 762 ಕೋಟಿ ಡಾಲರ್, ಅದರಲ್ಲಿ ಪಶುಪಾಲನೆಯದ್ದೇ 323 ಕೋಟಿ. ಒಂದೇ ವರ್ಷದಲ್ಲಿ ದನಗಳ ಸಂಖ್ಯೆ 1.33 ಕೋಟಿಯಿಂದ 1.19 ಕೋಟಿಗೆ ಇಳಿಯಿತು. ಮಾರಿದವರಲ್ಲಿ ಬಹಳ ಜನ ಮೂಲ ಹಸುಗಳನ್ನೇ ಮಾರಬೇಕಾಯಿತು.

ಕೊನೆಯಲ್ಲಿ ಒಬ್ಬರು ಕೇಳಿದ ಪ್ರಶ್ನೆ: ಮಳೆ ವಾಪಸ್ ಬಂದ ಮೇಲೆ ಹಿಂಡು ಬೇಗ ಬೆಳೆಸಬಹುದಲ್ಲ? ಆಗುವುದಿಲ್ಲ. ಬರ ಕಳೆದ ಮೊದಲ ವರ್ಷ ಹುಲ್ಲು ಬೇರು ಕಟ್ಟಿಕೊಳ್ಳಬೇಕು, ಆ ವರ್ಷ ದನ ಕಡಿಮೆಯೇ ಇರಬೇಕು. ಆಮೇಲೆ ಒಂದು ಹೆಣ್ಣು ಕರುವನ್ನು ಮಾರದೆ ಉಳಿಸಿಕೊಂಡರೂ ಅದು ಗಬ್ಬವಾಗುವುದು ಸುಮಾರು 15 ತಿಂಗಳಿಗೆ, ಕರು ಹಾಕುವುದು ಎರಡು ವರ್ಷ ತುಂಬಿದಾಗ, ಆ ಕರು ಮಾರಾಟಕ್ಕೆ ಬರುವುದು ಇನ್ನೂ ಆರೇಳು ತಿಂಗಳ ನಂತರ. ಅಷ್ಟು ಕಾಲ ಅದರ ಬೆಲೆ ಬಿಟ್ಟುಕೊಟ್ಟು ಮೇವು ಹಾಕುತ್ತಿರಬೇಕು. 2025ರ ಜನವರಿ 1ಕ್ಕೆ ಅಮೆರಿಕದಲ್ಲಿ ಇದ್ದ ಒಟ್ಟು ದನ 8.67 ಕೋಟಿ. 1951ರಿಂದ ಅಲ್ಲಿಯವರೆಗೆ ಅಷ್ಟು ಕಡಿಮೆ ಇದ್ದಿರಲಿಲ್ಲ. ಹಿಂದಿನ ಕೆಲವು ವರ್ಷಗಳ ಬರದಲ್ಲಿ ಮಾರಿದ ಹಸುಗಳ ಜಾಗ ಆಗಿನ್ನೂ ತುಂಬಿರಲಿಲ್ಲ. 2025ರಲ್ಲಿ ಕರುವಿನ ಬೆಲೆ ದಾಖಲೆ ಮುಟ್ಟಿತು. ಹಾಗಾಗಿ ಹೆಣ್ಣು ಕರುವನ್ನು ಈಗಲೇ ಮಾರಿಬಿಡೋಣ ಅನ್ನುವ ಆಸೆಯೂ ಜೋರಾಗಿತ್ತು. ಈ ವರ್ಷ ಎಷ್ಟು ಹೆಣ್ಣು ಕರು ಉಳಿಸಿಕೊಳ್ಳಬೇಕು ಅಂತ ಯಾರಾದರೂ ನನ್ನನ್ನು ಕೇಳಿದರೆ ನಾನು ದನದ ಸಂತೆಯ ಬೆಲೆ ಪಟ್ಟಿ ನೋಡುವುದಿಲ್ಲ. ಹೋದ ಸೆಪ್ಟೆಂಬರ್‌ನಲ್ಲಿ ನಿಮ್ಮ ಬಯಲಿನಲ್ಲಿ ಎಷ್ಟು ಎತ್ತರದ ಹುಲ್ಲು ಉಳಿದಿತ್ತು ಅಂತ ಕೇಳುತ್ತೇನೆ.